ಮಗಳ ಪಾಠ

ಅಂಚೆಚೀಟಿಗಳನ್ನು ಕೂಡಿಸುವವರುಂಟು, ಹಳೆಯ ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ, ಬಣ್ಣಬಣ್ಣದ ಚಿಟ್ಟೆ ಇವನ್ನು ಕೂಡಿಸುವವರೂ ಉಂಟು. ಇವೆಲ್ಲ ಮನೆಗೆ ತಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದಾದ ವಸ್ತುಗಳು. ನಮ್ಮ ತಂದೆಯವರಿಗೆ ಹಿಡಿದಿದ್ದ ಹುಚ್ಚು ಮನೆಗೆ ತರಲಾಗದ ವಸ್ತುವಿನದು. ಅವರು ಕಲ್ಲುಗಳನ್ನು ಕೂಡಿಸುತ್ತಿದ್ದರು. ಕಲ್ಲುಗಳನ್ನು ಎಂದರೆ ತಪ್ಪಾದೀತು, ಕಲ್ಲಿನ ಮೇಲಣ ಅಕ್ಷರಗಳನ್ನು. ಕಲ್ಲು ಇದ್ದೆಡೆಯಲ್ಲಿಯೇ ಇರಬೇಕು, ನಾವೇ ಅದರ ಬಳಿಗೆ ಹೋಗಿ ಕಂಡು ಬರಬೇಕು ಎಂಬುದು ಅವರ ನಿಯಮ. ನಾವು ಎಂದರೆ ಅವರು ಮತ್ತು ನಾನು. ನನಗಾಗ ಎಂಟು ವರ್ಷ.

ತಂದೆಯನ್ನು ನಾವು ಕರೆಯುತ್ತಿದ್ದುದು ಅಣ್ಣ ಎಂದು. ಅವರು ಮಾಧ್ಯಮಿಕ ಶಾಲೆಯ ಉಪಾಧ್ಯಾಯರು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ, ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಅವರ ಉದ್ಯೋಗದ ದಿನಗಳು ಕಳೆದುವು. ವರ್ಗದ ಆಜ್ಞೆ ಬಂದಾಗ ಉಳಿದ ಮೇಷ್ಟರುಗಳು ಮನೆ ಸಿಕ್ಕುವುದೇ, ನೀರು ಸಿಕ್ಕುವುದೇ ಎಂದು ವಿಚಾರಿಸುವರು. ಅಣ್ಣ ಮಾತ್ರ ಕೋಣೆಗೆ ಹೋಗಿ ತಾವು ಕೈಯಿಂದ ನಕಲು ಮಾಡಿಟ್ಟುಕೊಂಡಿದ್ದ ದಪ್ಪ ಪುಸ್ತಕವನ್ನು ತೆರೆದು ಹೊಸ ತಾಲ್ಲೂಕಿನ ಪುಟಗಳನ್ನು ತಿರುವಿಹಾಕುವರು. ಮುಖದಲ್ಲಿ, ಹೊಸ ಊರಿನಲ್ಲಿ ಬಹಳ ಮಂದಿ ನೆಂಟರಿದ್ದಾರೆಂದು ತಿಳಿದವನ ಕಳೆ.

ಆ ಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ಬೆಂಜಮಿನ್ ಲೂಯಿ ರೈಸ್ ಎಂಬ ಹೆಸರನ್ನು ಕನ್ನಡ ಬಲ್ಲವರೆಲ್ಲರೂ ಕೇಳಿದ್ದಾರೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಮೈಸೂರು ಸಂಸ್ಥಾನದ ಊರೂರು ತಿರುಗಿ, 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಅಚ್ಚು ಮಾಡಿಸಿದ ಮಹನೀಯರು. ಅವರ ತಂದೆಯೂ ಕನ್ನಡ ಕಲಿತ ಪಾದ್ರಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ನೆನಪಿನದು. ತಂದೆ ಕಲಿತ ಭಾಷೆಯನ್ನು ಮಗ ಸಾವಿರ ವರ್ಷ ಹಿಂದಕ್ಕೆ ಓದಿಕೊಂಡು ಹೋದನೆಂದು ಅಣ್ಣ ಹೇಳುವುದಿತ್ತು. 'ಎಪಿಗ್ರಾಫಿಯಾ ಕರ್ನಾಟಿಕಾ'ದ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಿತ್ತು. ಅದರಲ್ಲಿ ಒಂದೊಂದು ತಾಲ್ಲೂಕಿಗೆ ಒಂದೊಂದು ಸಂಕೇತ, ಒಂದೊಂದು ಶಾಸನಕ್ಕೆ ಒಂದೊಂದು ಅಂಕೆ. ಜೊತೆಗೆ ಕಲ್ಲು ಯಾವ ಊರಿನಲ್ಲಿದೆ, ಊರಿನ ಯಾವ ದಿಕ್ಕಿನಲ್ಲಿದೆ ಎಂಬ ಸೂಚನೆ. ಅಣ್ಣ ಆ ಸಂಪುಟವನ್ನು ಎರವಲು ತಂದು ಎರಡು ಬೇಸಿಗೆ ರಜಗಳಲ್ಲಿ ತಮಗೆ ಬೇಕಾದ ಭಾಗವನ್ನೆಲ್ಲ ಬರೆದುಕೊಂಡಿದ್ದರು. "ಮನೆ ಬಾಡಿಗೆಯ ಚೀಟಿ ಓದುವುದಕ್ಕೆ ಪುರಸೊತ್ತಿಲ್ಲ, ಸಾವಿರ ವರ್ಷದ ಚೀಟಿ ಓದುವುದಕ್ಕೆ ಹೊರಟಿದ್ದಾರೆ" ಎಂದು ಅಮ್ಮ ಹಂಗಿಸುತ್ತಿದ್ದಳು.

ಬರೆದುಕೊಂಡ ಪ್ರತಿಯೊಂದು ಶಾಸನದ ಎದುರಿಗೆ ಒಂದು ಅಂಕಣ. ಕಲ್ಲನ್ನು ಕಂಡರೆ ಅಲ್ಲಿ 'ಇದೆ' ಎಂದು ಬರೆದು ತಾರೀಖು ಹಾಕಬೇಕು. ಕಾಣದಿದ್ದರೆ? "ಇಲ್ಲ ಅಂತ ಬರೆಯಲೇ ಅಣ್ಣ?" ಎಂದು ನಾನೊಮ್ಮೆ ಕೇಳಿದೆ. ಅವರು ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡು 'ಕಾಣಲಿಲ್ಲ' ಎಂದು ಬರೆದರು. "ಇಲ್ಲ ಅನ್ನುವುದಕ್ಕೆ ನಾವು ಯಾರು ಮಗು? ನಮಗೆ ಕಾಣಲಿಲ್ಲ, ಅಷ್ಟೆ."

ನಾನು ಈ ಹವ್ಯಾಸಕ್ಕೆ ಸೇರಿದುದು ಅಕ್ಷರದ ಮೇಲಣ ಪ್ರೇಮದಿಂದಲ್ಲ, ಬೈಸಿಕಲ್ಲಿನ ಮೇಲಣ ಆಸೆಯಿಂದ. ಮುಂದಿನ ಅಡ್ಡಕಂಬಿಗೆ ಟವಲು ಸುತ್ತಿ ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಭಾನುವಾರ ನಸುಕಿನಲ್ಲಿಯೇ ಹೊರಡುವರು. ಹ್ಯಾಂಡಲಿಗೆ ಒಂದು ಚೀಲ: ಅದರಲ್ಲಿ ನೀರಿನ ತಂಬಿಗೆ, ತೆಂಗಿನ ನಾರಿನ ಜುಂಗು, ಶಾಲೆಯ ಸೀಮೆಸುಣ್ಣದ ಪುಡಿ, ನೋಟುಪುಸ್ತಕ, ನಾಲ್ಕು ಅವಲಕ್ಕಿಯುಂಡೆ. (ಅಕ್ಷರಗಳಿಗೆ ಪುಡಿ ತುಂಬುವುದನ್ನು ಬಲ್ಲವರು ಇಂದು ಮೆಚ್ಚುವುದಿಲ್ಲ, ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಶಾಯಿ ಒತ್ತಿ ಪಡಿಯಚ್ಚು ತೆಗೆಯುವುದೇ ಸರಿಯಾದ ಕ್ರಮ. ಅದಕ್ಕೆ ಬೇಕಾದ ಕಾಗದ ಮೇಷ್ಟರ ಸಂಬಳಕ್ಕೆ ಎಟುಕುತ್ತಿರಲಿಲ್ಲ.) ನಸುಕಿನಲ್ಲಿ ಹೊರಡುವುದಕ್ಕೆ ಕಾರಣವಿತ್ತು. ಬಿಸಿಲು ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಎದ್ದು ಕುಳಿತುಕೊಳ್ಳುತ್ತದೆ. ಹೊತ್ತು ನೆತ್ತಿಗೇರಿದರೆ ಎಷ್ಟು ಆಳವಾಗಿ ಕಡೆದ ಸಾಲಾದರೂ ಮಲಗಿಬಿಡುತ್ತದೆ. ಕಲ್ಲನ್ನು ಓದುವವನಿಗೆ ದಿನಕ್ಕೆ ಎರಡೇ ಗಳಿಗೆ, ಬೆಳಗಿನದೊಂದು, ಸಂಜೆಯದೊಂದು.

ಮಾಲೂರಿನ ದಿನಗಳಲ್ಲಿ ನಾನು ಎರಡು ಹೊಸ ಅಕ್ಷರಗಳನ್ನು ಕಲಿತೆ. ಅವು ನಮ್ಮ ಬಾಲಬೋಧೆಯಲ್ಲಿ ಇರಲಿಲ್ಲ. ಒಂದು ಱ, ಇನ್ನೊಂದು ೞ. ಹಳಗನ್ನಡ ಓದುವ ವಿದ್ಯಾರ್ಥಿಗಳಿಗೆ ಇವು ಪರೀಕ್ಷೆಯ ಪ್ರಶ್ನೆಗಳು. ನನಗಾದರೋ ಕದ್ದು ತಂದ ಮಾವಿನಕಾಯಿಗಳಂತೆ ಇದ್ದುವು. ಅಣ್ಣ ಮರಳಿನ ಮೇಲೆ ಎರಡು ಮಾತು ಬರೆದು ತೋರಿಸಿದ್ದರು: ಮೞೆ, ಕೆಱೆ. ನಮ್ಮ ಜಿಲ್ಲೆಯಲ್ಲಿ ಜನ ಮುಗಿಲು ನೋಡಿ ಹಂಬಲಿಸುವುದೂ, ತೂಬು ನೋಡಿ ನಿಟ್ಟುಸಿರು ಬಿಡುವುದೂ ಈ ಎರಡಕ್ಕಾಗಿಯೇ ಅಲ್ಲವೆ? ಹೊಳೆಯಿಲ್ಲದ ನಾಡು, ಕೆರೆಯೇ ತಾಯಿ. ನಾನು ಮರುದಿನ ಶಾಲೆಯ ಉಕ್ತಲೇಖನದಲ್ಲಿ 'ಮೞೆ' ಎಂದೇ ಬರೆದೆ. ಇಂಥ ಅಕ್ಷರವೇ ಇಲ್ಲವೆಂದು ಅಲ್ಲಿಯ ಉಪಾಧ್ಯಾಯರೊಬ್ಬರು ಸ್ಲೇಟನ್ನು ಅಳಿಸಿ ಕೈಗೆ ಎರಡು ಏಟು ಕೊಟ್ಟರು. ಸಂಜೆ ಅಣ್ಣನಿಗೆ ಹೇಳಿದೆ. ಅವರು ಆ ಉಪಾಧ್ಯಾಯರ ಮೇಲೆ ಒಂದು ಮಾತನ್ನೂ ಆಡಲಿಲ್ಲ. "ಇದೆ, ಆದರೆ ಅವರಿಗೆ ಕಾಣಲಿಲ್ಲ" ಎಂದರು.

ಕೋಲಾರ ಸೀಮೆಯಲ್ಲಿ ಕಲ್ಲು ಎಂದರೆ ಬಹುಪಾಲು ವೀರಗಲ್ಲು. ಗಂಗರು, ಬಾಣರು, ನೊಳಂಬರು ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡಿದ ನೆಲ ಇದು. ಆದರೆ ಕಲ್ಲಿನ ಮೇಲೆ ನಿಂತಿರುವವನು ರಾಜನಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಕೈಗೆ ಸಿಕ್ಕಿದ ಕತ್ತಿಯನ್ನು ಹಿಡಿದು ಓಡಿದ ಒಬ್ಬ ಸಾಮಾನ್ಯ. ಮೈಗೆ ಬಾಣಗಳು ನೆಟ್ಟಿವೆ, ಪಕ್ಕದಲ್ಲಿ ದನಗಳು ನಿಂತಿವೆ, ಮೇಲೆ ದೇವಸ್ತ್ರೀಯರು ಅವನನ್ನು ಕರೆದೊಯ್ಯಲು ಬಂದಿದ್ದಾರೆ. ಸತ್ತವನ ಮನೆಯವರಿಗೆ ಊರು ಭೂಮಿ ಕೊಡುತ್ತಿತ್ತು. ಅದಕ್ಕೆ ಕಲ್ನಾಡು ಎಂದು ಹೆಸರು. ಬಾಳ್ಗಚ್ಚು ಎಂದೂ ಉಂಟು, ಎಂದರೆ ಕತ್ತಿ ತೊಳೆದು ಕೊಟ್ಟದ್ದು. ನೆತ್ತರುಕೊಡಗೆ ಎಂಬ ಮಾತೂ ಉಂಟು. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲುವುದೆಂದು ಕೊನೆಯಲ್ಲಿ ಶಾಪ. ಒಂದು ಬೆಳಗ್ಗೆ ಇದನ್ನೆಲ್ಲ ಕೇಳಿ, "ಅವನ ಮಗಳಿಗೆ ಏನು ಕೊಟ್ಟರು?" ಎಂದು ಕೇಳಿದೆ. ಅಣ್ಣನಿಗೆ ಉತ್ತರ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಹೊಸ ಕಲ್ಲು ಸಿಕ್ಕಿದಾಗಲೆಲ್ಲ, ಓದಿ ಮುಗಿಸಿ, "ಇಲ್ಲಿಯೂ ಮಗಳ ಸುದ್ದಿಯಿಲ್ಲ ಮಗು" ಎಂದು ನನಗೆ ವರದಿ ಒಪ್ಪಿಸುವರು. ಅದು ತಮಾಷೆಯೆಂದು ನಾನು ಬಹಳ ದಿನ ತಿಳಿದಿದ್ದೆ.

ಮಾಲೂರಿನಿಂದ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಬೌರಿಂಗ್‌ಪೇಟೆಯಿಂದ ಕೋಲಾರದ ಮೇಲೆ ಶ್ರೀನಿವಾಸಪುರಕ್ಕೆ ಆಗ ಕಿರುರೈಲು ಓಡಾಡುತ್ತಿತ್ತು. ನಮ್ಮ ಪಾತ್ರೆಪಡಗ, ಅಣ್ಣನ ಪುಸ್ತಕ, ಬೈಸಿಕಲ್ಲು ಎಲ್ಲ ಅದರಲ್ಲಿಯೇ ಬಂದುವು. ಊರಿಗೆ ಮೊದಲು ಇದ್ದ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿಯ ಯಾತ್ರೆ ಮುಗಿಸಿ ಬರುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟರಂತೆ. "ನೋಡು, ಮಗನಿಗೆ ಒಂದು ಪಟ್ಟಣವನ್ನೇ ಕೊಟ್ಟ ತಂದೆ. ನಾನು ನಿನಗೆ ಏನು ಕೊಡಲಿ?" ಎಂದು ಅಣ್ಣ ನಕ್ಕರು. ನಾನು ಗಟ್ಟಿ ಉತ್ತರವನ್ನೇ ಕೊಟ್ಟೆ: "ಒಂದು ಪೆನ್ಸಿಲು, ಹಿಂದೆ ರಬ್ಬರು ಇರುವುದು."

ಆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು. ಒಂದು ಹಳ್ಳಿಯ ಹೆಸರನ್ನು ಹೇಳುವುದು ಬೇಡ. ಮಾವಿನ ತೋಪಿನ ಅಂಚಿನಲ್ಲಿ, ಮುಳ್ಳುಕಂಟಿಯ ನಡುವೆ ಒಂದು ಕಲ್ಲು. ಅಣ್ಣ ಮೊಣಕಾಲೂರಿ ಕುಳಿತು ಬುಡದ ಮಣ್ಣನ್ನು ಕೈಯಿಂದ ಕೆದಕುತ್ತಿದ್ದರು. ಕೊನೆಯ ಸಾಲು ನೆಲದೊಳಗೆ ಹೂತಿತ್ತು. ನೋಡನೋಡುತ್ತ ಹತ್ತು ಹದಿನೈದು ಜನ ಸುತ್ತ ನಿಂತರು. ಕಲ್ಲಿನ ಕೆಳಗೆ ನಿಧಿ ಇದೆಯೆಂದು ನಂಬಿ ಕಲ್ಲನ್ನೇ ಒಡೆದುಹಾಕುವ ಕಳ್ಳರ ಹಾವಳಿ ಅಂದೂ ಇತ್ತು, ಇಂದಿಗೂ ತಪ್ಪಿಲ್ಲ. ನಿಧಿಗೆ ಬಲಿ ಕೊಡಬೇಕೆಂಬ ಘೋರವಾದ ಮೂಢನಂಬಿಕೆಯೂ ಜೊತೆಗಿದೆ. ಪರವೂರಿನ ಒಬ್ಬ ಗಂಡಸು, ಅವನ ಜೊತೆಯಲ್ಲಿ ಒಂದು ಹೆಣ್ಣುಕೂಸು, ನಸುಕಿನ ಹೊತ್ತು, ಕೆದಕಿದ ಮಣ್ಣು. ಅವರು ಏನು ತಿಳಿದರೆಂಬುದು ಇಂದು ನನಗೆ ಅರ್ಥವಾಗುತ್ತದೆ. ಒಬ್ಬ ಮುದುಕಿ ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಬಗ್ಗಿ ನನ್ನ ಮುಖ ನೋಡುತ್ತ, "ನಿಜಂಗಾ ಮೀ ನಾಯ್ನೇನಾ?" ಎಂದಳು. ಈತ ನಿಜವಾಗಿಯೂ ನಿನ್ನ ಅಪ್ಪನೇ?

ಹೌದೆಂದು ತಲೆಯಾಡಿಸಿದೆ. ಅವಳಿಗೆ ಸಾಲಲಿಲ್ಲ. ಆಗ ನನಗೆ ಏನು ತೋಚಿತೋ, ಕಲ್ಲಿನ ಬಳಿಗೆ ಹೋಗಿ ಬೆರಳಿಟ್ಟು ಗಟ್ಟಿಯಾಗಿ ಮೊದಲ ಸಾಲನ್ನು ಓದತೊಡಗಿದೆ. ಓದುತ್ತ ಒಂದೆಡೆ ತೊಡರಿದೆ, ಅಣ್ಣ ಮುಂದಿನ ಅಕ್ಷರ ಹೇಳಿಕೊಟ್ಟರು, ಮುಂದುವರಿಸಿದೆ. ಶಾಲೆಯ ಮಗು ಅಪ್ಪನ ಮುಂದೆ ಪಾಠ ಒಪ್ಪಿಸುವ ರೀತಿಯನ್ನು ಯಾರೂ ನಟಿಸಲಾರರು. ಮುದುಕಿ ಕೈ ಬಿಟ್ಟಳು. ಗುಂಪಿನಲ್ಲಿ ಒಬ್ಬ, "ಅಯ್ಯವಾರೂ, ಈ ಕಲ್ಲಿನವನು ನಮ್ಮ ಮನೆಯವನಾ?" ಎಂದು ವಿಚಾರಿಸಿದ. ಅಣ್ಣ ಅವರೆಲ್ಲರಿಗೂ ಕಲ್ಲನ್ನು ಅರ್ಥಮಾಡಿಸುವ ಹೊತ್ತಿಗೆ ಬಿಸಿಲು ಏರಿ ಅಕ್ಷರ ಮಲಗಿತ್ತು. ಆ ಊರಿನವರು ನಮಗೆ ರಾಗಿಮುದ್ದೆ, ಹುರುಳಿಸಾರು ಹಾಕಿ ಕಳಿಸಿದರು. ದಾರಿಯುದ್ದಕ್ಕೂ ಅಣ್ಣ ಮಾತಾಡಲಿಲ್ಲ. ಮನೆ ಹತ್ತಿರವಾದಾಗ, "ಅಮ್ಮನಿಗೆ ಹೇಳಬೇಡ" ಎಂದರು. ನಾನು ಹೇಳಲಿಲ್ಲ, ಇಂದು ಬರೆಯುತ್ತಿದ್ದೇನೆ, ಅಮ್ಮ ಇಲ್ಲ.

ಮುಳಬಾಗಿಲಿಗೆ ಬಂದಾಗ ನನಗೆ ಹತ್ತು ತುಂಬಿತ್ತು. ಹಳಗಾಲದ ಬರಹದಲ್ಲಿ ಮ ಮತ್ತು ವ ಅಕ್ಷರಗಳು ಅವಳಿಜವಳಿಗಳ ಹಾಗೆ ಇರುತ್ತವೆ. ಸವೆದ ಕಲ್ಲಿನಲ್ಲಂತೂ ವಿದ್ವಾಂಸರೂ ಎಡವುತ್ತಾರೆ. ಅಲ್ಲಿಯ ಒಂದು ಕಲ್ಲು ಅಣ್ಣನ ಪುಸ್ತಕದಲ್ಲಿ ಇರಲಿಲ್ಲ. ಆದುದರಿಂದ ಅದನ್ನು ತಾವೇ ಮೊದಲು ಓದುತ್ತಿರುವುದಾಗಿ ಅವರಿಗೆ ಬಹಳ ಸಂಭ್ರಮ. ವೀರನ ಹೆಸರಿನ ಮೊದಲ ಅಕ್ಷರವನ್ನು ಅವರು ವ ಎಂದು ಓದಿ ಬರೆದುಕೊಂಡರು. ನಾನು ಕಲ್ಲಿಗೆ ಕೆನ್ನೆ ತಾಗಿಸಿ ಪಕ್ಕದಿಂದ ನೋಡಿದೆ. "ಅಣ್ಣ, ಅದು ವ ಅಲ್ಲ, ಮ." ಅವರಿಗೆ ಸ್ವಲ್ಪ ಸಿಟ್ಟು ಬಂದಿರಬೇಕು. "ಇರಲಿ ನಡೆ" ಎಂದರು.

ಮುಂದಿನ ಭಾನುವಾರ, ಯಾವ ಕಾರಣವನ್ನೂ ಹೇಳದೆ, ಬೈಸಿಕಲ್ಲನ್ನು ಅದೇ ದಾರಿಗೆ ತಿರುಗಿಸಿದರು. ಕತ್ತಲಿರುವಾಗಲೇ ಅಲ್ಲಿದ್ದೆವು. ಲಾಂದ್ರವನ್ನು ಕಲ್ಲಿನ ಎಡಕ್ಕೆ ಹಿಡಿ ಎಂದರು, ಬಲಕ್ಕೆ ಹಿಡಿ ಎಂದರು, ಕೆಳಗೆ ಹಿಡಿ ಎಂದರು. ಬೆಳಕು ಹರಿಯುವವರೆಗೆ ಹಾಗೆಯೇ ಕುಳಿತಿದ್ದು, ಆಮೇಲೆ ನೋಟುಪುಸ್ತಕ ತೆಗೆದು ತಮ್ಮ ಅಕ್ಷರದ ಮೇಲೆ ಒಂದು ಗೀಟು ಎಳೆದರು. ಪಕ್ಕದಲ್ಲಿ ಮ ಬರೆದು, ಕಂಸದಲ್ಲಿ 'ಮಗಳ ಪಾಠ' ಎಂದು ಸೇರಿಸಿ ತಾರೀಖು ಹಾಕಿದರು. ಗ್ರಂಥ ಸಂಪಾದಿಸುವ ಪಂಡಿತರು 'ಓಲೆಯ ಪಾಠ', 'ಅಚ್ಚಿನ ಪಾಠ' ಎನ್ನುತ್ತಾರಲ್ಲ, ಹಾಗೆ. ಆ ಪುಸ್ತಕದಲ್ಲಿ ಮುಂದೆ ಈ ಮಾತು ಹದಿನೇಳು ಕಡೆ ಬಂದಿದೆ. ಅವುಗಳಲ್ಲಿ ಕನಿಷ್ಠ ಆರು ತಪ್ಪು ಎಂದು ನನಗೆ ಈಗ ಗೊತ್ತು.

ಅದೇ ವರ್ಷ ಕುರುಡುಮಲೆಗೆ ಹೋದೆವು. ದೊಡ್ಡ ಗಣಪತಿಯನ್ನು ನೋಡಲು ಜನ ಹೋಗುತ್ತಾರೆ. ಅಣ್ಣನಿಗೆ ಬೇಕಾಗಿದ್ದುದು ಪಕ್ಕದ ಸೋಮೇಶ್ವರನ ಗುಡಿ. ಅದರ ಒಂದು ಪಾಲನ್ನು ಜಕಣಾಚಾರಿ, ಇನ್ನೊಂದು ಪಾಲನ್ನು ಅವನ ಮಗ ಡಂಕಣಾಚಾರಿ ಕಡೆದರೆಂದು ಸ್ಥಳದವರ ಹೇಳಿಕೆ. ಮಗನ ಪಾಲಿನ ಕೆಲಸ ಹೆಚ್ಚು ನಯವಾಗಿದೆಯೆಂದೂ ತೋರಿಸುತ್ತಾರೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಗುಡಿಯ ರೀತಿ ಚೋಳರದು, ಜಕಣಾಚಾರಿಯೆಂಬ ಒಬ್ಬ ಶಿಲ್ಪಿ ಇದ್ದನೆಂಬುದಕ್ಕೆ ಗಟ್ಟಿಯಾದ ಶಾಸನಾಧಾರವೂ ಇಲ್ಲ. ಬೇಲೂರಿನ ಕಥೆ ಎಲ್ಲರಿಗೂ ತಿಳಿದದ್ದೇ: ಕಲ್ಲಿನೊಳಗೆ ಕಪ್ಪೆಯಿದೆ ಎಂದು ಗುರುತು ತಿಳಿಯದ ಹುಡುಗ ಹೇಳುತ್ತಾನೆ, ಹಾಗಿದ್ದರೆ ಕೈ ಕಡಿದುಕೊಳ್ಳುತ್ತೇನೆಂದು ಶಿಲ್ಪಿ ಪಂಥ ಕಟ್ಟುತ್ತಾನೆ, ಕಪ್ಪೆ ಹೊರಬೀಳುತ್ತದೆ, ಹುಡುಗ ಮಗನೆಂದು ಆಮೇಲೆ ತಿಳಿಯುತ್ತದೆ. ಎರಡು ಪಾಲುಗಳ ನಡುವೆ ನಿಂತು ಅಣ್ಣ ಹೇಳಿದರು: "ಜಕಣ ಅವಸರಪಟ್ಟ. ಕೈ ಕಡಿದುಕೊಳ್ಳಬೇಕಾಗಿರಲಿಲ್ಲ. ಪಕ್ಕದಲ್ಲಿ 'ಮಗನ ಪಾಠ' ಎಂದು ಬರೆದುಕೊಂಡಿದ್ದರೆ ಸಾಕಾಗಿತ್ತು."

ಮುಳಬಾಗಿಲು ಎಂದೊಡನೆ ಸಾಹಿತ್ಯಾಸಕ್ತರಿಗೆ ಡಿ.ವಿ.ಜಿ. ಅವರ ನೆನಪು ಬರುವುದು ಸಹಜ; ಅವರ ಹುಟ್ಟೂರು ಅದು. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರಜ್ಞರು. ತಂದೆಗೆ ಗೀತೆಯನ್ನು ಕುರಿತ ಗ್ರಂಥಕ್ಕೆ 1967ರಲ್ಲಿ, ಮಗನಿಗೆ ಗಿಡಮರಗಳನ್ನು ಕುರಿತ 'ಹಸುರು ಹೊನ್ನು'ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸ್ವಾಮಿಯವರು 'ಶಾಸನಗಳಲ್ಲಿ ಗಿಡಮರಗಳು' ಎಂಬ ಪುಸ್ತಕವನ್ನೂ ಬರೆದಿದ್ದಾರೆ. ಅದನ್ನು ಓದಿದ ದಿನ ಅಣ್ಣ ಹೊಟ್ಟೆಕಿಚ್ಚಿನಿಂದ, "ನಾವು ಇಷ್ಟು ವರ್ಷ ಮನುಷ್ಯರನ್ನು ಮಾತ್ರ ನೋಡಿದೆವಲ್ಲ, ಹೊಲದ ಗಡಿಯ ಹುಣಿಸೇಮರವನ್ನು ನೋಡಲೇ ಇಲ್ಲ" ಎಂದರು.

ಕೋಲಾರದಲ್ಲಿ ಆಟ ತಿರುಗಿತು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಇರುವುದು ಚೋಳರ ಕಾಲದ ತಮಿಳು ಬರಹ. ಅಣ್ಣನಿಗೆ ತಮಿಳು ಓದಲು ಬಾರದು, ನನಗೂ ಬಾರದು. ಚಿನ್ನದ ಗಣಿಯ ಊರಿನಿಂದ ತಮಿಳು ಬಾಲಬೋಧೆಯೊಂದನ್ನು ತರಿಸಿ ಇಬ್ಬರೂ ಒಂದೇ ದಿನ ಒಂದೇ ಪುಟದಿಂದ ಆರಂಭಿಸಿದೆವು. ಹನ್ನೆರಡರ ಹುಡುಗಿಗೂ ನಲವತ್ತೈದರ ಮೇಷ್ಟರಿಗೂ ಪೈಪೋಟಿ, ಮೇಷ್ಟರು ಸೋತರು. ಆ ಭಾಷೆಯಲ್ಲಿ ೞ ಇನ್ನೂ ಬದುಕಿದೆ ಎಂಬುದು ತಿಳಿದಾಗ ನಮ್ಮಿಬ್ಬರಿಗೂ ಆದ ಆನಂದ ಹೇಳತೀರದು. ದೂರದ ಊರಿನಲ್ಲಿ ಕಳೆದುಹೋದ ಅಜ್ಜಿ ಸಿಕ್ಕಿದ ಹಾಗೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಹುಡುಗಿ ದೊಡ್ಡವಳಾದಳು, ಬೈಸಿಕಲ್ಲಿನ ಕಂಬಿಯ ಮೇಲೆ ಕೂರುವುದು ನಿಂತಿತು, ನೆಂಟರು ಮಾತಾಡಿದರು, ಕಾಲೇಜು, ಮದುವೆ, ಬೇರೆ ಊರು. ಅಣ್ಣ ಒಬ್ಬರೇ ಹೋಗುತ್ತಿದ್ದರು. ಕಾಗದಗಳಲ್ಲಿ ಮನೆಯ ಸಮಾಚಾರ ಎರಡು ಸಾಲು, ಕಲ್ಲಿನ ಸಮಾಚಾರ ಎರಡು ಪುಟ. ಒಂದು ಕಾಗದದಲ್ಲಿ ಮಾತ್ರ ಒಂದೇ ಸಾಲು ಇತ್ತು. ನಾನು ಮೊದಲ 'ಪಾಠ' ಹೇಳಿದ ಆ ಮುಳಬಾಗಿಲಿನ ಕಲ್ಲು ನಿಂತಿದ್ದ ಬಂಡೆಯನ್ನು ಕಲ್ಲುಗಣಿಯವರು ಸಿಡಿಸಿದ್ದರು. ಅಣ್ಣ ಕಚೇರಿಯೊಂದಕ್ಕೆ ಮೂರು ಅರ್ಜಿ ಬರೆದಿದ್ದರಂತೆ, ಉತ್ತರ ಬರಲಿಲ್ಲ. ಆ ವೀರನ ಹೆಸರು ಈಗ ಉಳಿದಿರುವುದು ನನ್ನ ಬಳಿ ಇರುವ ನೋಟುಪುಸ್ತಕದಲ್ಲಿ ಮಾತ್ರ, ಅದರ ಮೊದಲ ಅಕ್ಷರ ಒಬ್ಬ ಹತ್ತು ವರ್ಷದ ಹುಡುಗಿಯ ಮಾತಿನ ಮೇಲೆ ನಿಂತಿದೆ. ನಾನು ಹೇಳಿದ್ದು ತಪ್ಪಾಗಿದ್ದರೆ? ರಾತ್ರಿ ಎಚ್ಚರವಾದಾಗ ಈ ಯೋಚನೆ ಬಂದದ್ದುಂಟು. ನೋಡಿ ತಿದ್ದಲು ಕಲ್ಲಿಲ್ಲ. ಪುಸ್ತಕದ ಅಂಕಣದಲ್ಲಿ ಅಣ್ಣ ಬರೆದಿರುವುದು 'ಕಾಣಲಿಲ್ಲ' ಎಂದೇ.

ನಿವೃತ್ತರಾದ ಮೇಲೆ ಅವರ ಕಣ್ಣಿಗೆ ಗ್ಲಾಕೋಮಾ ಬಂತು. ವೈದ್ಯರು ಇದ್ದಷ್ಟನ್ನು ಉಳಿಸಲು ನೋಡಿದರು, ಉಳಿಯಲಿಲ್ಲ. ಒಂದು ಮಾಘಮಾಸದಲ್ಲಿ ನಾನು ಊರಿಗೆ ಬಂದಿದ್ದಾಗ, ಆವಣಿಗೆ ಹೋಗೋಣವೆಂದರು. ಆವಣಿ ವಾಲ್ಮೀಕಿಗಳ ಆಶ್ರಮವಿದ್ದ ಎಡೆಯೆಂದೂ, ಲವಕುಶರು ತಮ್ಮ ತಂದೆಯೆಂದು ಅರಿಯದೆ ರಾಮನೊಡನೆ ಕಾದಿದ್ದು ಅಲ್ಲಿಯೇ ಎಂದೂ ನಂಬಿಕೆ. ಅಲ್ಲಿಯ ಗುಡಿಗಳು ನೊಳಂಬರ ಕಾಲದವು. ತ್ರಿಭುವನಕರ್ತದೇವನೆಂಬ ಯತಿ 40 ವರ್ಷ ಆ ಸ್ಥಾನವನ್ನು ಆಳಿ, 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ 931ರಲ್ಲಿ ತೀರಿಕೊಂಡನೆಂದು ಅಲ್ಲಿಯ ಶಾಸನ ಹೇಳುತ್ತದೆ. ಈ ಮನುಷ್ಯನ ಮೇಲೆ ಅಣ್ಣನಿಗೆ ವಿಶೇಷ ಅಭಿಮಾನ, ಗುಡಿಗಳಿಗಿಂತ ಕೆರೆಗಳಿಗಾಗಿ.

ಬಸ್ಸು ತಡವಾಗಿ ನಾವು ತಲಪುವಾಗ ಹೊತ್ತು ನೆತ್ತಿಯ ಮೇಲಿತ್ತು. ಅಂಗಳದ ಅಂಚಿನಲ್ಲಿ ಒಂದು ತುಂಡುಕಲ್ಲು. ಅಕ್ಷರವಿದೆಯೆಂಬುದು ಗೊತ್ತಾಗುತ್ತಿತ್ತು, ಯಾವ ಅಕ್ಷರವೆಂಬುದು ಗೊತ್ತಾಗುತ್ತಿರಲಿಲ್ಲ. "ಈಗ ಏನೂ ಕಾಣುವುದಿಲ್ಲ ಅಣ್ಣ, ಸಂಜೆ ಆಗಬೇಕು" ಎಂದೆ. "ನನಗೆ ಸಂಜೆ ಯಾಕೆ?" ಎಂದು ಅವರು ನೆಲದ ಮೇಲೆ ಕುಳಿತುಕೊಂಡರು. ನಾನು ಅವರ ತೋರುಬೆರಳನ್ನು ಹಿಡಿದು ಮೊದಲ ಸಾಲಿನ ತಲೆಗೆ ಮುಟ್ಟಿಸಿದೆ. ಆಮೇಲೆ ಹಿಡಿದುಕೊಳ್ಳಬೇಕಾಗಿ ಬರಲಿಲ್ಲ. ಬೆರಳು ಗುಂಡಿಗೆ ಇಳಿಯಿತು, ಕೊಂಬಿಗೆ ಹತ್ತಿತು, ಹಿಂದಕ್ಕೆ ಬಂದು ಮತ್ತೊಮ್ಮೆ ತಡವಿತು. ಒಂದೊಂದೇ ಅಕ್ಷರವನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಒಂದೆಡೆ ಬಹಳ ಹೊತ್ತು ನಿಂತು, "ಇದು ಮ ಇರಬೇಕು. ನೀನು ನೋಡಿ ಹೇಳು" ಎಂದರು. ಬಗ್ಗಿ ಕೆನ್ನೆಯನ್ನು ಕಲ್ಲಿಗೆ ತಾಗಿಸಿದೆ. ಕಲ್ಲು ಕಾದಿತ್ತು. ಬರಿಯ ಬಿಳಿ ಬಿಸಿಲು.

"ನನಗೆ ಕಾಣಲಿಲ್ಲ" ಎಂದೆ.

"ಹಾಗಾದರೆ ಹಾಗೆಯೇ ಬರೆದುಕೋ."

ಎರಡು ಸಾಲು ಮುಗಿಯುವ ಹೊತ್ತಿಗೆ ಮುಳಬಾಗಿಲಿನ ಬಸ್ಸು ಹಾರ್ನು ಹೊಡೆಯಿತು. ಅವರ ಬೆರಳುಗಳಿಗೆ ಅಂಟಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರಸಿ, ಚಪ್ಪಲಿ ಹುಡುಕಿ ಕಾಲಿಗೆ ತೊಡಿಸಿ, ಓಡುನಡಿಗೆಯಲ್ಲಿ ಕರೆದುಕೊಂಡು ಬಂದೆ. ಮೂರನೆಯ ಸಾಲು ಉಳಿಯಿತು.